ಹಾಲ್‌ನ ಎ.ಸಿ. ಒಂದನ್ನೇ ಚಾಲನೆಯಲ್ಲಿಡುವ ಬಗ್ಗೆ

ಸಂಬಂಧಪಟ್ಟ ಇಲಾಖೆ
(ಹೆಸರು ಇನ್ನೂ ಪರಿಶೀಲನೆಯಲ್ಲಿದೆ)
ಕಚೇರಿ: ಫ್ರಿಡ್ಜ್ ಬಾಗಿಲು, ಅಡುಗೆಮನೆ, ಹಿಲ್‌ಕ್ರಾಫ್ಟ್ ರಸ್ತೆಯ ಹಿಂಬದಿಯ ಬಾಡಿಗೆ ಮನೆ, ಹ್ಯೂಸ್ಟನ್

ಸಂಖ್ಯೆ: ಫ್ರಿಬಾ/ತಂಪು/೦೭/೨೦೨೨
ದಿನಾಂಕ: ೨೪-೦೮-೨೦೨೨

ಸುತ್ತೋಲೆ

ವಿಷಯ: ನಾಲ್ವರು ನಿವಾಸಿಗಳೂ ರಾತ್ರಿ ಹಾಲ್‌ನಲ್ಲಿ, ಒಂದೇ ಎ.ಸಿ. ಅಡಿಯಲ್ಲಿ ಮಲಗುವ ಕುರಿತು.

ಉಲ್ಲೇಖ:
೧. ದಿ. ೧೮ರಂದು ಕ್ಲಿನಿಕ್‌ನವರು ಕು. ಲುವೊ ಜಿಂಗ್ ಅವರಿಗೆ ಕೊಟ್ಟ ಚೀಟಿ.
೨. ಕು. ಅಮೂಲ್ಯಾ ಅವರ ಮೌಖಿಕ ಆಕ್ಷೇಪಣೆ (ಸುದೀರ್ಘ).
೩. ಮನೆ ಮಾಲೀಕರ ದೂರವಾಣಿ ಕರೆ.

ಪ್ರಸ್ತಾವನೆ:

ಸದರಿ ಮನೆಯಲ್ಲಿ ಕು. ವೈಷ್ಣವಿ (ಹುಬ್ಬಳ್ಳಿ), ಕು. ಅಮೂಲ್ಯಾ (ಬೆಂಗಳೂರು), ಕು. ನಿಶಿತಾ (ಮೈಸೂರು) ಮತ್ತು ಕು. ಲುವೊ ಜಿಂಗ್ (ಚೀನಾದ ಚೆಂಗ್ಡು) ಎಂಬ ನಾಲ್ವರು ಸ್ನಾತಕೋತ್ತರ ವಿದ್ಯಾರ್ಥಿನಿಯರು ವಾಸವಾಗಿರುತ್ತಾರೆ. ಮನೆ ಹಳೆಯದಾದ ಕಾರಣ ಕೋಣೆಗೊಂದು, ಹಾಲ್‌ಗೊಂದು ಕಿಟಕಿ ಎ.ಸಿ. ಇರುತ್ತದೆ. ಪೈಕಿ ಕು. ಲುವೊ ಅವರ ಕೋಣೆಯ ಎ.ಸಿ. ಕಳೆದ ಹನ್ನೊಂದು ದಿನಗಳಿಂದ ಬಾಯಿ ಬಿಟ್ಟಿರುವುದಿಲ್ಲ. ಯಂತ್ರದಲ್ಲಿ ದೋಷವಿಲ್ಲ. ಕು. ಲುವೊ ಅವರೇ ಹಾಕಿರುವುದಿಲ್ಲ.

ಕಾರಣ ವಿಚಾರಿಸಲಾಗಿ, ಅವರ ಊರಿನ ಕಡೆ ಮಳೆಯಿಲ್ಲದೆ ಅಣೆಕಟ್ಟೆಗಳಲ್ಲಿ ನೀರಿಲ್ಲ, ನೀರಿಲ್ಲದೆ ಕರೆಂಟಿಲ್ಲ ಎಂದು ತಿಳಿದುಬಂದಿರುತ್ತದೆ. ತಂದೆ ಕೆಲಸ ಮಾಡುವ ಟೈಲ್ಸ್ ಕಾರ್ಖಾನೆಯ ಭಟ್ಟಿ ಆರಿದೆ, ಸಂಬಳ ಅರ್ಧಕ್ಕಿಳಿದಿದೆ. ತಾಯಿಯ ನೂಡಲ್ಸ್ ಅಂಗಡಿ ಇರುವ ಮಾಲ್‌ನಲ್ಲಿ ದೀಪಗಳನ್ನೇ ಕಡಿಮೆ ಮಾಡಿರುವುದರಿಂದ ಗಿರಾಕಿಗಳೂ ಕಡಿಮೆ. ಹದಿನೇಳನೆಯ ಮಹಡಿಯ ಮನೆ ಕಾದ ಹಂಚು. ಹೀಗಾಗಿ ತಾಯಿಯವರು ಸಂಜೆಯ ಹೊತ್ತು ಚಾಪೆ, ಬೀಸಣಿಗೆ, ಹೆಣಿಗೆ ಸಮೇತ ನೆಲದಡಿಯ ಮೆಟ್ರೊ ನಿಲ್ದಾಣಕ್ಕೆ ಹೋಗಿ ತಂಪಿನಲ್ಲಿ ಕೂರುತ್ತಾರೆ. ಅಕ್ಕಪಕ್ಕದ ಮನೆಯವರೂ ಅಲ್ಲೇ.

“ಅವರು ಅಲ್ಲಿ ಬೆವರುವಾಗ ನಾನು ಇಲ್ಲಿ ತಂಪಾಗಿ ಹೇಗೆ ಮಲಗಲಿ?” ಎಂದು ಕು. ಲುವೊ ಅವರು ಇಂಗ್ಲಿಷಿನಲ್ಲಿ ಕೇಳಿರುತ್ತಾರೆ. ಆದರೂ ಪ್ರತಿದಿನ ಬೆಳಿಗ್ಗೆ ಏಳಕ್ಕೆ ತಾಯಿಯ ಕರೆ ಬಂದಾಗ ಅವರು “ರಾತ್ರಿಯೆಲ್ಲ ಎ.ಸಿ. ಹಾಕಿ ಮಲಗಿದ್ದೆ” ಎಂದು ಸುಳ್ಳು ಹೇಳುತ್ತಾರೆ. ಆಚೆಯಿಂದ ತಾಯಿಯವರು “ನಮಗೂ ಕರೆಂಟ್ ಬಂತು” ಎಂದು ಸುಳ್ಳು ಹೇಳುತ್ತಾರೆ. ಇಬ್ಬರಿಗೂ ಗೊತ್ತಿರುತ್ತದೆ. ದಿ. ೧೮ರಂದು ಕು. ಲುವೊ ಅವರು ಲ್ಯಾಬ್‌ನಲ್ಲಿ ತಲೆ ಸುತ್ತಿ ಬಿದ್ದಿರುತ್ತಾರೆ. ರಾತ್ರಿ ತಂಪಾದ ಜಾಗದಲ್ಲಿ ನಿದ್ದೆ ಮಾಡದಿದ್ದರೆ ಮತ್ತೆ ಬೀಳುವುದು ಖಚಿತವೆಂದು ಉಲ್ಲೇಖ (೧)ರಲ್ಲಿ ಬರೆದಿದೆ. ಚೀಟಿಯನ್ನು ಅವರು ಮಡಚಿ ಪುಸ್ತಕದಲ್ಲಿ ಇಟ್ಟುಕೊಂಡಿದ್ದು, ನಿನ್ನೆ ಅದು ಇಲಾಖೆಯ ಕಣ್ಣಿಗೆ ಬಿದ್ದಿರುತ್ತದೆ.

ಕೆಳಗೆ ಸಹಿ ಮಾಡಿರುವ ಕಾರ್ಯದರ್ಶಿ ಕು. ವೈಷ್ಣವಿಯವರು ವಿದ್ಯುತ್ ಕಚೇರಿಯ ಹೆಡ್ ಕ್ಲಾರ್ಕ್ ಒಬ್ಬರ ಮಗಳು. ಲೋಡ್ ಶೆಡ್ಡಿಂಗ್ ದಿನಗಳಲ್ಲಿ ಇಡೀ ಓಣಿಯವರು ಮನೆಗೇ ಫೋನ್ ಮಾಡಿ “ಕರೆಂಟ್ ಯಾವಾಗ ಬರತೈತ್ರಿ?” ಎಂದು ಅಪ್ಪನ ಜೀವ ತಿನ್ನುತ್ತಿದ್ದುದನ್ನು ಕೇಳಿ ಬೆಳೆದವರು. ಹೀಗಿದ್ದೂ ಪಕ್ಕದ ಕೋಣೆಯ ಸೆಖೆ ಹನ್ನೊಂದು ದಿನ ತಮ್ಮ ಗಮನಕ್ಕೆ ಬಾರದಿದ್ದುದು ಸದರಿಯವರ ಕರ್ತವ್ಯಲೋಪ ಎಂದು ಈ ಮೂಲಕ ದಾಖಲಿಸಲಾಗಿದೆ.

ಎ.ಸಿ. ಹಾಕಿಕೋ ಎಂದರೆ ಕು. ಲುವೊ ಅವರು ಕೇಳುವವರಲ್ಲ. ಕರುಣೆ ತೋರಿಸಿದರೆ ಬಾಗಿಲು ಹಾಕಿಕೊಳ್ಳುವವರು. ಉಳಿತಾಯ ಎಂದರೆ ಮಾತ್ರ ಬರುವವರು. ಆದ್ದರಿಂದ ಈ ಸುತ್ತೋಲೆಯನ್ನು ಎರಡು ಭಾಷೆಗಳಲ್ಲಿ ಹೊರಡಿಸಲಾಗಿದೆ. ಇಂಗ್ಲಿಷ್ ಪ್ರತಿಯಲ್ಲಿ ಉದ್ದೇಶ: ವಿದ್ಯುತ್ ಉಳಿತಾಯ. ಕನ್ನಡ ಪ್ರತಿಯಲ್ಲಿ ಉದ್ದೇಶ: ಲುವೊ.

ಸೂಚನೆಗಳು:

೧. ರಾತ್ರಿ ಒಂಬತ್ತೂವರೆಯಿಂದ ಬೆಳಿಗ್ಗೆ ಏಳರವರೆಗೆ ನಾಲ್ಕೂ ಕೋಣೆಗಳ ಎ.ಸಿ.ಗಳನ್ನು ಬಂದ್ ಮಾಡತಕ್ಕದ್ದು. ಹಾಲ್‌ನದು ಮಾತ್ರ ಓಡುವುದು. ಈ ಅವಧಿಯಲ್ಲಿ ಹಾಲ್ ಅನ್ನು “ನಿಲ್ದಾಣ” ಎಂದು ಕರೆಯತಕ್ಕದ್ದು. ಡಲ್ಲಾಸ್, ಆಸ್ಟಿನ್ ಕಡೆಯಿಂದ ಮುನ್ಸೂಚನೆಯಿಲ್ಲದೆ ಬರುವ ಕಸಿನ್‌ಗಳು ಸ್ವಂತ ಚಾಪೆ ತರತಕ್ಕದ್ದು.

೨. ನಿಲ್ದಾಣದ ಉಷ್ಣಾಂಶ ೭೮ ಡಿಗ್ರಿ ಫ್ಯಾರನ್‌ಹೀಟ್ (ಊರಿನ ಲೆಕ್ಕದಲ್ಲಿ ಸುಮಾರು ೨೬ ಸೆಲ್ಸಿಯಸ್). ಕು. ಲುವೊ ಅವರ ಊರಿನ ಕಚೇರಿಗಳಲ್ಲಿ ಇದಕ್ಕಿಂತ ತಂಪು ಮಾಡುವಂತಿಲ್ಲವಂತೆ. ಅವರ ಮನಸ್ಸಾಕ್ಷಿಯೂ ಅಲ್ಲೇ ನಿಂತಿರುತ್ತದೆ. ೬೪ ಡಿಗ್ರಿ ಇಟ್ಟು ಮೇಲೆ ರಜಾಯಿ ಹೊದೆಯುವ ಕು. ಅಮೂಲ್ಯಾ ಅವರ ಪದ್ಧತಿಯನ್ನು ಈ ಕೂಡಲೇ ರದ್ದುಪಡಿಸಲಾಗಿದೆ. ರಜಾಯಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಬಹುದು. ಹೊದೆಯುವಂತಿಲ್ಲ.

೩. ಎ.ಸಿ.ಗೆ ನೇರವಾಗಿರುವ ಹಾಸಿಗೆಯನ್ನು ಪ್ರತಿ ರಾತ್ರಿ ಚೀಟಿ ಎತ್ತಿ ಹಂಚತಕ್ಕದ್ದು. ನಾಲ್ಕೂ ಚೀಟಿಗಳ ಮೇಲೆ “ಲುವೊ” ಎಂದು ಬರೆದಿರತಕ್ಕದ್ದು. ಈ ಪ್ರಕ್ರಿಯೆಯನ್ನು ಪಾರದರ್ಶಕವೆಂದು ಪರಿಗಣಿಸಲಾಗುವುದು. ಅನುಮಾನ ಬಾರದಿರಲೆಂದು ಗುರುವಾರ ಮಾತ್ರ ಕು. ನಿಶಿತಾ ಗೆಲ್ಲತಕ್ಕದ್ದು; ಗೆದ್ದ ಐದು ನಿಮಿಷದೊಳಗೆ ಅವರಿಗೆ ನೆಗಡಿಯಾಗತಕ್ಕದ್ದು ಮತ್ತು ಜಾಗ ಬದಲಾಯಿಸಿಕೊಳ್ಳತಕ್ಕದ್ದು.

೪. ಫ್ರಿಡ್ಜ್ ಬಾಗಿಲು ತೆರೆಯುವ ಮುನ್ನ ಏನು ಬೇಕೆಂದು ತೀರ್ಮಾನಿಸಿರತಕ್ಕದ್ದು. ತೆರೆದಿಟ್ಟುಕೊಂಡು ಜೀವನದ ಬಗ್ಗೆ ಯೋಚಿಸುವುದನ್ನು ನಿಷೇಧಿಸಲಾಗಿದೆ. ಪ್ರಬಂಧ ಬರೆಯುತ್ತಿರುವವರಿಗೆ ನಾಲ್ಕು ಸೆಕೆಂಡುಗಳ ವಿನಾಯಿತಿ ಇರುತ್ತದೆ.

೫. ಬ್ಯಾಡಗಿ ಮೆಣಸಿನಕಾಯಿ ಮತ್ತು ಕು. ಲುವೊ ಅವರ ಡಬ್ಬಿಯಲ್ಲಿನ ನಾಲಿಗೆ ಜುಮ್ಮೆನ್ನಿಸುವ ಮೆಣಸು, ಎರಡನ್ನೂ ಒಂದೇ ಊಟದಲ್ಲಿ ಬಳಸುವಂತಿಲ್ಲ. ಕಳೆದ ಶನಿವಾರದ ಪ್ರಯೋಗದ ನಂತರ ನಾಲ್ವರ ಮೈಯಿಂದ ಹೊರಟ ಶಾಖವನ್ನು ಯಾವ ಎ.ಸಿ.ಯೂ ತಾಳಲಾರದು.

೬. ಗೊರಕೆಯನ್ನು ಜನರೇಟರ್ ಎಂದು ವರ್ಗೀಕರಿಸಲಾಗಿದೆ. ಜನರೇಟರ್ ಹೊಂದಿರುವವರು ಗೋಡೆಯ ಕಡೆ ಮುಖ ಮಾಡಿ ಮಲಗತಕ್ಕದ್ದು. ಹೆಸರು ಹೇಳುವುದಿಲ್ಲ, ಮೈಸೂರಿನವರು ಎಂದಷ್ಟೇ ಸೂಚಿಸಲಾಗಿದೆ.

೭. ಕು. ಲುವೊ ಅವರನ್ನು ನೋಡಿ “ಅಯ್ಯೋ ಪಾಪ” ಎಂಬ ಮುಖ ಮಾಡುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ತಪ್ಪಿದಲ್ಲಿ ಮೂರು ದಿನ ಪಾತ್ರೆ ತೊಳೆಯತಕ್ಕದ್ದು. ಮುಖ ತಾನಾಗಿಯೇ ಹಾಗಾದಲ್ಲಿ ಕೂಡಲೇ ಟೋಸ್ಟರ್ ಕಡೆಗೆ ತಿರುಗತಕ್ಕದ್ದು. ಕಾರ್ಯದರ್ಶಿಯವರು ನಿನ್ನೆಯಿಂದ ಆರು ಬಾರಿ ಟೋಸ್ಟರ್ ನೋಡಿರುತ್ತಾರೆ.

ಆಕ್ಷೇಪಣೆಗಳ ವಿಲೇವಾರಿ:

“ಅಲ್ಲಾ ಕಣೇ, ಹಾಲ್‌ನಲ್ಲಿ ಸಾಲಾಗಿ ಮಲಗೋಕೆ ನಾವೇನು ಮದುವೆ ಮನೆಗೆ ಬಂದಿದ್ದೀವಾ?” ಎಂಬ ಕು. ಅಮೂಲ್ಯಾ ಅವರ ಆಕ್ಷೇಪಣೆಯನ್ನು ಪರಿಶೀಲಿಸಿ, ಅವರಿಗೆ ಉಲ್ಲೇಖ (೧)ರ ಚೀಟಿಯ ವಿಷಯ ತಿಳಿಸಲಾಯಿತು. ಅವರು “ಮೊದ್ಲೇ ಹೇಳ್ಬಾರ್ದಾಗಿತ್ತಾ” ಎಂದು ಬೈದು, ತಮ್ಮ ಹಾಸಿಗೆಯನ್ನು ತಾವೇ ಎಳೆದು ತಂದಿರುತ್ತಾರೆ. ಆಕ್ಷೇಪಣೆ ಮುಕ್ತಾಯಗೊಂಡಿದೆ.

ಮನೆ ಮಾಲೀಕರಾದ, ಊರಾಚೆಯ ಸೈಪ್ರೆಸ್ ಬಡಾವಣೆಯ ಶ್ರೀ ಚನ್ನಮಲ್ಲಪ್ಪ ಅಂಕಲ್ ಅವರು ಹೇಗೋ ಸುದ್ದಿ ತಿಳಿದು ಕರೆ ಮಾಡಿ, “ಏನವಾ ತಂಗಿ, ಬಾಡಿಗಿ ಮನೀನ ಧರ್ಮಶಾಲಿ ಮಾಡೀರೇನು?” ಎಂದು ಕೇಳಿರುತ್ತಾರೆ. ಹೌದೆಂದು ಉತ್ತರಿಸಿ, ಯಾಕೆಂದು ವಿವರಿಸಲಾಯಿತು. ಒಂದೂವರೆ ತಾಸಿನೊಳಗೆ ಅವರು ಖುದ್ದಾಗಿ ಕಾರು ಓಡಿಸಿಕೊಂಡು ಬಂದು, ನಾಲ್ವರು ಉರುಳಾಡಿದರೂ ಮಿಗುವಷ್ಟು ದೊಡ್ಡ ಜಮಖಾನೆಯೊಂದನ್ನು ಬಾಗಿಲಲ್ಲಿ ಇಳಿಸಿ, “ಮನ್ಯಾಗ ಸುಮ್ನ ಬಿದ್ದಿತ್ತವಾ, ಅದಕ್ಕ ತಂದೇನಿ” ಎಂದು ಹೇಳಿ ಚಹಾ ಸಹ ಕುಡಿಯದೆ ಹೋಗಿರುತ್ತಾರೆ. ಅವರ ಮುಖವನ್ನೂ ಟೋಸ್ಟರ್ ಕಡೆ ತಿರುಗಿಸಬೇಕಾಯಿತು.

ಘಟನೋತ್ತರ ಅನುಮೋದನೆ:

ಈ ಸುತ್ತೋಲೆ ನಿನ್ನೆ ರಾತ್ರಿಯಿಂದಲೇ ಜಾರಿಗೆ ಬಂದಿದೆಯೆಂದು ಭಾವಿಸತಕ್ಕದ್ದು. ಕು. ಲುವೊ ಅವರು ಇಂಗ್ಲಿಷ್ ಪ್ರತಿಯನ್ನು ನಿಂತಲ್ಲೇ ಎರಡು ಸಲ ಓದಿ, ಪೆನ್ನಿನಿಂದ ಒಂದು ಕಾಗುಣಿತ ತಿದ್ದಿ, ನಂತರ ಪ್ರತಿ ಕೋಣೆಗೂ ಹೋಗಿ ಎ.ಸಿ.ಗಳ ಮೇಲೆ ಕೈಯಿಟ್ಟು ಪರೀಕ್ಷಿಸಿರುತ್ತಾರೆ. ಕು. ಅಮೂಲ್ಯಾ ಅವರದು ಮರೆತು ಓಡುತ್ತಿದ್ದು, ಅದನ್ನು ಆರಿಸಿರುತ್ತಾರೆ. ಆಮೇಲೆ ದಿಂಬು ಅಪ್ಪಿಕೊಂಡು ನಿಲ್ದಾಣದ ಬಾಗಿಲಲ್ಲಿ ನಿಂತು, “ನಾಲ್ಕು ಜನಕ್ಕೂ ಸೇರಿ ಒಂದೇನಾ?” ಎಂದು ಕೇಳಿರುತ್ತಾರೆ. ಒಂದೇ ಎಂದು ಮೂವರೂ ಏಕಕಂಠದಿಂದ ದೃಢಪಡಿಸಿರುತ್ತಾರೆ.

“ಹಾಗಾದರೆ ಸರಿ,” ಎಂದು ಅವರು ಮಲಗಿ, ನಾಲ್ಕು ನಿಮಿಷದಲ್ಲಿ ನಿದ್ದೆ ಹೋಗಿರುತ್ತಾರೆ. ಜನರೇಟರ್ ಚಾಲೂ ಆದರೂ ಎಚ್ಚರವಾಗಿರುವುದಿಲ್ಲ. ಕಾರ್ಯದರ್ಶಿಯವರು ಮಾತ್ರ ಸ್ವಲ್ಪ ಹೊತ್ತು ಎಚ್ಚರವಿದ್ದು, ಆ ಉಸಿರಾಟ ಒಂದೇ ಸಮನಾಗಿರುವುದನ್ನು ಕೇಳಿಸಿಕೊಂಡು, ಹಾಯೆನಿಸಿ ಮಲಗಿರುತ್ತಾರೆ.

ಚೆಂಗ್ಡುವಿನಲ್ಲಿ ಮಳೆ ಬಿದ್ದು ಭಟ್ಟಿ ಹೊತ್ತಿಕೊಳ್ಳುವವರೆಗೂ ಈ ವ್ಯವಸ್ಥೆ ಮುಂದುವರಿಯುವುದು.

ಸಹಿ/-
(ಕು. ವೈಷ್ಣವಿ)
ಕಾರ್ಯದರ್ಶಿ ಹಾಗೂ ಇಲಾಖೆಯ ಏಕೈಕ ಸಿಬ್ಬಂದಿ

ಪ್ರತಿಗಳು:

೧. ಕು. ಅಮೂಲ್ಯಾ: ಕಟ್ಟುನಿಟ್ಟಿನ ಪಾಲನೆಗಾಗಿ. ರಿಮೋಟ್ ಒಪ್ಪಿಸತಕ್ಕದ್ದು.
೨. ಕು. ನಿಶಿತಾ: ಗುರುವಾರದ ನೆಗಡಿಯ ಪೂರ್ವಾಭ್ಯಾಸಕ್ಕಾಗಿ.
೩. ಶ್ರೀ ಚನ್ನಮಲ್ಲಪ್ಪ ಅಂಕಲ್, ಸೈಪ್ರೆಸ್: ಮುಂದಿನ ಸಲ ಚಹಾ ಕುಡಿದೇ ಹೋಗುವಂತೆ ಕೋರಿ.
೪. ನಿವೃತ್ತ ಹೆಡ್ ಕ್ಲಾರ್ಕ್, ಹುಬ್ಬಳ್ಳಿ (ಕಾರ್ಯದರ್ಶಿಯವರ ಅಪ್ಪ): ಒಕ್ಕಣೆಯ ತಪ್ಪುಗಳಿದ್ದಲ್ಲಿ ಮಗಳಿಗಷ್ಟೇ ತಿಳಿಸಲು.
೫. ಕು. ಲುವೊ ಜಿಂಗ್ ಅವರ ತಾಯಿ, ಮೆಟ್ರೊ ನಿಲ್ದಾಣ, ಚೆಂಗ್ಡು: ಪ್ರತಿ ಕಳುಹಿಸುವ ಅಗತ್ಯವಿಲ್ಲ. ರಾತ್ರಿ ತಂಪಾಗಿ ಮಲಗಿದ್ದೆ ಎಂದು ಇಂದು ಬೆಳಿಗ್ಗೆ ಏಳರ ಕರೆಯಲ್ಲಿ ಮಗಳೇ ತಿಳಿಸಿರುತ್ತಾರೆ. ಸದರಿ ಹೇಳಿಕೆ ನಿಜವಾಗಿರುತ್ತದೆ ಎಂದು ದೃಢೀಕರಿಸಲಾಗಿದೆ.