ಮೆನ್ನೊ ಅಜ್ಜನ ಮನೆಯ ಮೌನ

"ಆಮಿಶ್ ಮನೆಯಲ್ಲಿ ಮರ್ಯಾದೆಯಿಂದ ಊಟ ಮಾಡೋದು ಹೇಗೆ ಅಂತ ಇವತ್ತು ತೋರಿಸಿಕೊಡ್ತೀನಿ!" ಎಂದು ಗಂಡ ಕ್ಲೇಟನ್‌ಗೆ ಸಾರಿದೆ. ಹೋದ ಸಲ ಪ್ರಾರ್ಥನೆ ಮುಗಿಯುವ ಮೊದಲೇ ಕೋಳಿಕಾಲಿಗೆ ಕೈ ಹಾಕಿ ಮಾನ ಕಳೆದವರು ಅವರು. ನಾನೋ, ನಲವತ್ತು ವರ್ಷ ಲ್ಯಾಟಿನ್ ಕಲಿಸಿದವಳು. ಬೇಲಿಯಾಚೆಯ ಈ ಕಟ್ಟಾ ಕ್ರೈಸ್ತ ಪಂಥದವರ ಜರ್ಮನ್ ಆಡುನುಡಿ ನನಗೆ ಯಾವ ಲೆಕ್ಕ! ಅವರ ಸರಳ ಬದುಕೂ ನನಗೆ ಒಪ್ಪಿಗೆ: ಕರೆಂಟಿಲ್ಲ, ಆಡಂಬರವಿಲ್ಲ, ಮುಖ್ಯವಾಗಿ ಹರಟೆಯಿಲ್ಲ.

"ಹಾಗಾದ್ರೆ ನೀನೂ ಸ್ವಲ್ಪ ಬಾಯಿ ಮುಚ್ಕೊಂಡಿರು, ಮಹಾರಾಯ್ತಿ" ಎಂದರು.

"ನೋಡ್ತಿರಿ!"

ಹೊಲದ ಮೇಲೆಲ್ಲ ಮಂಜು ಕವಿದ ಸಂಜೆ. ಬಾಗಿಲಲ್ಲೇ ತೊಂಬತ್ತರ ಮೆನ್ನೊ ಅಜ್ಜ ನನ್ನ ಕೈ ಹಿಡಿದು ತಮ್ಮ ನುಡಿಯಲ್ಲಿ ಏನೋ ಪಿಸುಗುಟ್ಟಿದರು. ಒಂದಕ್ಷರ ತಿಳಿಯಲಿಲ್ಲ. "ಆಗಲಿ, ಆಗಲಿ!" ಎಂದು ಗಂಭೀರವಾಗಿ ತಲೆಯಾಡಿಸಿದೆ.

ಮೇಜಿನ ಸುತ್ತ ಎಲ್ಲರೂ ತಲೆ ಬಗ್ಗಿಸಿದರು: ಅಜ್ಜ, ಮಗ ಈನೊಸ್, ಸೊಸೆ ಮಲಿಂಡಾ, ಮಕ್ಕಳು. ಇವರ ಪ್ರಾರ್ಥನೆಗೆ ಮಾತಿಲ್ಲ. ಹಿರಿಯರು ಒಮ್ಮೆ ಕೆಮ್ಮಿದರೆ ಮುಗಿಯಿತು, ಚಮಚ ಹಿಡಿಯಬಹುದು.

ಅಜ್ಜ ಕೆಮ್ಮಲಿಲ್ಲ.

ಗ್ಯಾಸ್ ದೀಪ ಬುಸುಗುಡುತ್ತಿತ್ತು. ಆಲೂಗಡ್ಡೆಯ ಹಬೆ ಆರಿತು. ಕೋಳಿಸಾರಿನ ಮೇಲೆ ಕೊಬ್ಬು ಬಿಳಿಯ ಕಣ್ಣು ಬಿಟ್ಟಿತು. ಗೋಡೆಯ ಗೂಟಗಳಲ್ಲಿ ಸಾಲಾಗಿ ಕರಿಯ ಟೋಪಿಗಳು. ಅವುಗಳ ನೆರಳು ಅಲುಗುತ್ತಿತ್ತು, ಕೆಳಗೆ ಕೂತ ಮನುಷ್ಯರು ಅಲುಗುತ್ತಿರಲಿಲ್ಲ. ಓರೆಗಣ್ಣಿನಲ್ಲಿ ನೋಡಿದೆ. ಅಜ್ಜನ ಗಡ್ಡ ತಟ್ಟೆಗೆ ತಾಗಿತ್ತು. ಕೈಗೆ ಮೇಣದ ಬಣ್ಣ.

ಅಜ್ಜ ತೀರಿಕೊಂಡಿದ್ದಾರೆ! ಹೆಣ ಕೆಮ್ಮುವವರೆಗೆ ಈ ವಿಧೇಯ ಸಂಸಾರ ತಲೆ ಎತ್ತುವುದಿಲ್ಲ. ಬೇಸಿಗೆ ಬಂದರೂ ಎತ್ತುವುದಿಲ್ಲ!

ಮೇಜಿನಡಿ ಕ್ಲೇಟನ್ ಕಾಲಿಗೆ ಒದ್ದೆ. "ರೀ, ಅಜ್ಜ ಹೋದ್ರು!"

"ಎಲ್ಲಿಗೆ?"

"ಮೇಲಕ್ಕೆ!"

"ಮೇಲೆ ಯಾಕೆ? ಅವರು ಮಲಗೋದು ಕೆಳಗಿನ ಕೋಣೇಲಲ್ವಾ?"

ಇಷ್ಟಾದರೂ ಒಂದು ತಲೆಯೂ ಏಳಲಿಲ್ಲ. ಅದೇ ಇನ್ನೂ ಭಯಂಕರ! ನಾನೇ ಎದ್ದು ಹೋಗಿ ಅಜ್ಜನ ನಾಡಿ ಹುಡುಕಿದೆ. ತಣ್ಣನೆಯ ಬೆರಳುಗಳು ನನ್ನ ಮಣಿಕಟ್ಟನ್ನು ಗಪ್ಪನೆ ಹಿಡಿದವು!

ಕಿಟಾರನೆ ಕಿರುಚಿದೆ. ಕಿರುಚಿ ಕಿರುಚಿ ಕೆಮ್ಮು ಬಂತು. ಒಡನೆ ಅಷ್ಟೂ ತಲೆಗಳು ಎದ್ದವು, ಅಷ್ಟೂ ಚಮಚಗಳು ಪಾತ್ರೆಗಿಳಿದವು!

"ಅಂತೂ ಕೆಮ್ಮಿದ್ರಲ್ಲ, ಪ್ರೊಫೆಸರಮ್ಮ!" ಮಲಿಂಡಾ ತಣ್ಣನೆಯ ಸಾರು ಬಡಿಸಿದಳು. "ಮಾವನಿಗೆ ಗಂಟಲು ಕಟ್ಟಿದೆ. 'ಇವತ್ತು ನೀನೇ ಕೆಮ್ಮಿ ಮುಗಿಸಮ್ಮ' ಅಂತ ಬಾಗಿಲಲ್ಲೇ ಕೇಳ್ಕೊಂಡ್ರು. ನೀವೂ ಆಗಲಿ ಅಂದ್ರಿ!"

ಕ್ಲೇಟನ್ ಕರವಸ್ತ್ರದಲ್ಲಿ ಮುಖ ಹುದುಗಿಸಿ ನಗುತ್ತಿದ್ದರು. ಅಜ್ಜ ಮಾತ್ರ ನಗಲಿಲ್ಲ. ಹಿಡಿದ ಕೈ ಬಿಡದೆ, ಅಪಾರ ಕರುಣೆಯಿಂದ ನನ್ನನ್ನು ನೋಡಿ, ಈ ಸಲ ಸ್ವಚ್ಛ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು:

"ಇಷ್ಟೊತ್ತು ಬೇಡ್ಕೊಂಡ್ಯಲ್ಲ ಮಗಳೇ... ಅಷ್ಟೊಂದು ಪಾಪ ಯಾವಾಗ ಮಾಡ್ದೆ?"