ಬಾಗೇವಾಡಿಯಿಂದ ಲೋಕಸಭೆಯ ಹಾಜರಿ

ದಿಲ್ಲಿಯ ಲೋಕಸಭೆಯನ್ನು ನಡೆಸುವವರು ಯಾರು? ಸಭಾಧ್ಯಕ್ಷರು ಎಂದು ನೀವು ಓದಿರಬಹುದು. ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅಂಕವನ್ನೂ ಗಳಿಸಿರಬಹುದು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸುವವರೆಗೆ ನಾನೂ ಹಾಗೆಯೇ ನಂಬಿದ್ದೆ. ನಮ್ಮ ಸೀಮೆಗೆ ಮರಳಿ ಬಂದ ಮೇಲೆ ನಿಜ ತಿಳಿಯಿತು. ಲೋಕಸಭೆಯನ್ನು ನಡೆಸುತ್ತಿದ್ದವರು ನನ್ನ ಸೋದರಮಾವ! ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಒಂದು ಬಾಡಿಗೆ ಖೋಲಿಯ ಕಟ್ಟೆಯ ಮೇಲೆ ಕುಳಿತು, ಒಂದು ಕರಿಹಲಗೆ ಮತ್ತು ಒಂದು ತುಂಡು ಸೀಮೆಸುಣ್ಣದ ಬಲದಿಂದ ಅವರು ಆ ಮಹಾಸಭೆಯ ಹಾಜರಿ ತೆಗೆದುಕೊಳ್ಳುತ್ತಿದ್ದರು. ಈ ಸಂಗತಿ ದಿಲ್ಲಿಗೆ ಗೊತ್ತಿರಲಿಲ್ಲ, ಅಷ್ಟೆ.

ಮಾಮಾ ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ನಿವೃತ್ತರಾದದ್ದು ಶಾಲೆಯಿಂದ, ಹಾಜರಿಯಿಂದಲ್ಲ. ಮದುವೆಗೆ ಹೋದರೆ ಅಕ್ಷತೆ ಬೀಳುವ ಮುನ್ನ ಬೀಗರ ಕಡೆಯ ಹಾಜರಿ; ಪಂಕ್ತಿಯಲ್ಲಿ ಕುಳಿತರೆ ಎಡಬಲದ ಎಲೆಗಳ ಹಾಜರಿ. ಒಮ್ಮೆ ಸಿಂದಗಿಯಲ್ಲಿ ದೂರದ ನೆಂಟರೊಬ್ಬರ ಮಣ್ಣಿಗೆ ಹೋದಾಗ, ಸತ್ತವರ ತಮ್ಮ ಕಾಣಲಿಲ್ಲವೆಂದು ಇಡೀ ಮೆರವಣಿಗೆಯನ್ನು ತಡೆದು ನಿಲ್ಲಿಸಿ, ಆತನನ್ನು ಚಹಾದಂಗಡಿಯಿಂದ ಕೈ ಹಿಡಿದು ಕರೆತಂದರು. ಆ ಮೇಲೆ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕೂಗಿದರು. ಸತ್ತವರೊಬ್ಬರನ್ನು ಬಿಟ್ಟು ಉಳಿದವರೆಲ್ಲರೂ "ಹಾಜರ ರೀ" ಎಂದರಂತೆ!

ಇಂಥವರ ಕೈಗೆ ಲೋಕಸಭೆ ಹೇಗೆ ಸಿಕ್ಕಿತು ಎಂಬುದನ್ನು ಈಗಲೇ ಹೇಳಿಬಿಡುವುದು ಮೇಲು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಏಳುತ್ತಿತ್ತು. ಹೊಳೆಯ ದಂಡೆಯ ಮೇಲಿದ್ದ ಮಾಮಾನ ಊರು ಮುಳುಗಡೆಗೆ ಸೇರಿತ್ತು. ಪರಿಹಾರ ಗೊತ್ತುಮಾಡಲು ಸರ್ಕಾರದ ಮೋಜಣಿಯವರು ಬಂದು ಮನೆ, ಬಾವಿ, ದನದ ಕೊಟ್ಟಿಗೆ, ಬೇವಿನ ಮರ ಎಲ್ಲವನ್ನೂ ಬರೆದುಕೊಂಡರು. ಮಾಮಾ ಅವರನ್ನು ಹೊಲದ ಬದುವಿಗೆ ಕರೆದೊಯ್ದು ತಮ್ಮ ಹೆಂಡತಿಯ, ಅಂದರೆ ನನ್ನ ಅತ್ತೆಯ, ಸಮಾಧಿಯನ್ನು ತೋರಿಸಿದರು. ಮಕ್ಕಳಿಲ್ಲದ ಆ ಮನೆಯಲ್ಲಿ ಮಾಮಾನಿಗೆ ಇದ್ದವರು ಅತ್ತೆಯೊಬ್ಬರೇ. ಅವರು ಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಮೋಜಣಿಯ ಗುಮಾಸ್ತ ಹಾಳೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ.

"ಇದಕ್ಕ ಕಾಲಂ ಇಲ್ರಿ, ಮಾಸ್ತರ," ಎಂದ.

ಕೊಟ್ಟಿಗೆಗೆ ಕಾಲಂ ಇದೆ, ಮರಕ್ಕೆ ಇದೆ, ದನ ನೀರು ಕುಡಿಯುವ ಕಲ್ಲಿನ ದೋಣಿಗೂ ಇದೆ. ಮಣ್ಣಿನಲ್ಲಿ ಮಲಗಿದ ಮನುಷ್ಯರಿಗಿಲ್ಲ! ಮಾಮಾ ನಮ್ಮ ಸೀಮೆಯ ಸಂಸದರೊಬ್ಬರ ಬಳಿಗೆ ಹೋಗಿ, ಲೋಕಸಭೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿರೆಂದು ಬೇಡಿಕೊಂಡರು. ನೀರು ಬಂದಾಗ ಮುಳುಗಡೆಯ ಊರುಗಳ ಸಮಾಧಿಗಳಿಗೆ ಸರ್ಕಾರ ಏನು ವ್ಯವಸ್ಥೆ ಮಾಡುತ್ತದೆ? ಇಷ್ಟೇ ಪ್ರಶ್ನೆ. ಈ ಅಧಿವೇಶನದಲ್ಲೇ ಕೇಳುತ್ತೇನೆಂದು ಸಂಸದರು ಮಾತು ಕೊಟ್ಟರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಹೊಸತು. ಅಂದಿನಿಂದ ಮಾಮಾ ಕಾಯತೊಡಗಿದರು. ಮಾಸ್ತರರಿಗೆ ಕಾಯಲು ಬರುವುದು ಒಂದೇ ಬಗೆಯಲ್ಲಿ. ಹಾಜರಿ ತೆಗೆದುಕೊಂಡು!

ಹೊಳೆಯ ದಂಡೆಯ ಊರಿನಲ್ಲಿ ಕುಳಿತು ಇದು ಸಾಧ್ಯವಿರಲಿಲ್ಲ. ಆದ್ದರಿಂದ ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಬಗಲಿಗೆ ಖೋಲಿ ಹಿಡಿದರು. ಬಸ್ ಸ್ಟ್ಯಾಂಡಿಗೂ ಲೋಕಸಭೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಆಗ ಮಾಮಾ ತಮ್ಮ ಪದ್ಧತಿಯನ್ನು ವಿವರಿಸಿದರು. ರಾಜ್ಯಶಾಸ್ತ್ರದ ಯಾವ ಪಠ್ಯದಲ್ಲಿಯೂ ನಾನು ಅದನ್ನು ಕಂಡಿರಲಿಲ್ಲ. ದಿಲ್ಲಿಯಲ್ಲಿ ಯಾರಿದ್ದಾರೆಂಬುದು ಬಾಗೇವಾಡಿಯಿಂದ ಕಾಣುವುದಿಲ್ಲ. ಆದರೆ ದಿಲ್ಲಿಯಲ್ಲಿ ಯಾರಿಲ್ಲವೆಂಬುದು ಬಾಗೇವಾಡಿಯಿಂದ ಬಹಳ ಚೆನ್ನಾಗಿ ಕಾಣುತ್ತದೆ! ಇಂಡಿ, ಸಿಂದಗಿ, ಮುದ್ದೇಬಿಹಾಳಗಳಿಂದ ಬರುವ ಸರ್ಕಾರಿ ಬಸ್ಸುಗಳ ಕಂಡಕ್ಟರರೆಲ್ಲ ಮಾಮಾನ ಗೂಢಚಾರರು. ಸಾಹೇಬರು ಅಗರಖೇಡದಲ್ಲಿ ಗೋದಾಮು ಉದ್ಘಾಟಿಸುತ್ತಿದ್ದಾರೆ ಎಂದು ಒಬ್ಬ, ಸಿಂದಗಿಯಲ್ಲಿ ಸತ್ಕಾರ ಮಾಡಿಸಿಕೊಳ್ಳುತ್ತಿದ್ದಾರೆ ಎಂದು ಇನ್ನೊಬ್ಬ, ಟಿಕೆಟ್ಟಿನ ಚೀಲವನ್ನು ಹೆಗಲಿಗೇರಿಸುತ್ತಲೇ ವರದಿ ಒಪ್ಪಿಸಿ ಹೋಗುವನು. ಅಧಿವೇಶನ ನಡೆದಿರುವಾಗ ಇಲ್ಲಿ ಕಂಡರೆಂದರೆ ಅಲ್ಲಿ ಗೈರುಹಾಜರು. ಇಲ್ಲಿ ಎಲ್ಲಿಯೂ ಕಾಣದಿದ್ದರೆ ಮಾಮಾ ರೇಡಿಯೋಕ್ಕೆ ಕಿವಿ ಹಚ್ಚುವರು, ಮಧ್ಯಾಹ್ನದ ಬಸ್ಸಿಗೆ ಬರುವ ಪತ್ರಿಕೆಯನ್ನು ಜಾಹೀರಾತು ಸಹಿತ ಓದುವರು. ಪ್ರಶ್ನೆಯ ಸುಳಿವಿಲ್ಲದಿದ್ದರೆ ಕರಿಹಲಗೆಯ ಮೇಲೆ ಬೀಳುತ್ತಿದ್ದ ಷರಾ: "ಹಾಜರ. ಬಾಯಿ ತೆರೆದಿಲ್ಲ."

ಓಣಿಯವರು ನಗುತ್ತಿದ್ದರು. ಆಕಳಿಸುವಾಗಲಾದರೂ ತೆರೆದಿರಬೇಕಲ್ಲವೇ ಎಂದು ಕಿರಾಣಿ ಅಂಗಡಿಯವನು ಚೇಷ್ಟೆ ಮಾಡುತ್ತಿದ್ದ. ನನಗೆ ಮಾತ್ರ ನಗು ಬರುತ್ತಿರಲಿಲ್ಲ, ರಕ್ತ ಕುದಿಯುತ್ತಿತ್ತು. ಒಂದು ದಿನ ಹೊಲಕ್ಕೆ ಬಾರದ ಆಳಿನ ಕೂಲಿ ಹಿಡಿಯುವ ನಾವು, ನಮ್ಮ ಹೆಸರಿನಲ್ಲಿ ದಿಲ್ಲಿಗೆ ಹೋದವನು ಅಲ್ಲಿ ಕೂರದೆ ಇಲ್ಲಿ ಬಂದು ಕುಳಿತರೆ ಹಾರ ಹಾಕುತ್ತೇವೆ! ಆಳಿಗೊಂದು ನ್ಯಾಯ, ಆಳುವವನಿಗೊಂದು ನ್ಯಾಯವೇ? ಮತ ಕೊಟ್ಟವನು ಲೆಕ್ಕ ಕೇಳಿದರೆ ಅವನನ್ನು ಹುಚ್ಚನೆನ್ನುವ ಈ ಊರಿನಲ್ಲಿ ನಿಜವಾದ ಹುಚ್ಚರು ಯಾರು? ಹೀಗೆಲ್ಲ ನಾನು ಕಟ್ಟೆಯ ಮೇಲೆ ನಿಂತು ಭಾಷಣ ಬಿಗಿಯುತ್ತಿದ್ದರೆ ಮಾಮಾ ತಾಳ್ಮೆಯಿಂದ ಕೇಳಿ, ಬದಿಗೆ ಸರಿಯಲು ಹೇಳುತ್ತಿದ್ದರು. ನಾನು ಹಲಗೆಗೆ ಅಡ್ಡ ನಿಂತಿರುತ್ತಿದ್ದೆ.

ಮಾಮಾನ ಪದ್ಧತಿ ಒಮ್ಮೆ ಎಡವಿತು. ಸಂಸದರ ಜೀಪು ಮುದ್ದೇಬಿಹಾಳದ ಸಂತೆಯಲ್ಲಿ ಕಂಡಿತೆಂದು ಕಂಡಕ್ಟರ ಹೇಳಿದ. ಮಾಮಾ ಗೈರುಹಾಜರು ಎಂದು ದಪ್ಪ ಅಕ್ಷರದಲ್ಲಿ ಬರೆದರು. ಮರುದಿನ ಸಂಸದರ ಕಡೆಯವರು ಬಂದು ಜಗಳಕ್ಕೆ ನಿಂತರು. ಸಾಹೇಬರು ದಿಲ್ಲಿಯಲ್ಲಿಯೇ ಇದ್ದರಂತೆ. ಜೀಪಿನಲ್ಲಿ ಇದ್ದವನು ಅವರ ಮೈದುನ, ಬಂದದ್ದು ಎಮ್ಮೆ ಕೊಳ್ಳಲಿಕ್ಕೆ! ನಾನು ವಾದಕ್ಕೆ ಸಿದ್ಧನಾದೆ. ಮಾಮಾ ಹಲಗೆಯನ್ನು ಒರೆಸಿ, "ಮಾಸ್ತರನ ತಪ್ಪು" ಎಂದು ಬರೆದು, ಕಟ್ಟೆಯ ಅಂಚಿಗೆ ಸ್ಟೂಲು ಹಾಕಿ ಅದರ ಮೇಲೇರಿ ಎರಡೂ ಕಿವಿ ಹಿಡಿದು ನಿಂತರು. ಶಾಲೆಯಲ್ಲಿ ಅದಕ್ಕೆ ಎಷ್ಟು ಹೊತ್ತಿನ ಶಿಕ್ಷೆಯೋ ಅಷ್ಟು ಹೊತ್ತು. ಜಗಳಕ್ಕೆ ಬಂದವರು ಕೈ ಮುಗಿದು ಇಳಿಯಿರೆಂದು ಬೇಡಿಕೊಂಡರೂ ಇಳಿಯಲಿಲ್ಲ. ಕೊನೆಗೆ ಅವರಲ್ಲೊಬ್ಬ, ಎಮ್ಮೆ ಕೊಂಡ ಮೈದುನನ ಪರವಾಗಿ ಕ್ಷಮೆ ಕೇಳಿ ಹೋದ! ತಪ್ಪಿಗೆ ಹೀಗೆ ನಿಲ್ಲುವ ಒಬ್ಬನೇ ಒಬ್ಬ ಅಧಿಕಾರಸ್ಥನನ್ನು ಈ ದೇಶದಲ್ಲಿ ತೋರಿಸಿ. ನಾನು ಬರೆಯುವುದನ್ನೇ ಬಿಡುತ್ತೇನೆ.

ಮಾಮಾನನ್ನು ನೋಡಿ ಸಂಕಟವಾಗುತ್ತಿದ್ದುದು ಅಧಿವೇಶನವಿಲ್ಲದ ತಿಂಗಳುಗಳಲ್ಲಿ. ಆಗ ಹಲಗೆಗೆ ಕೆಲಸವಿಲ್ಲ, ಕಂಡಕ್ಟರರಿಗೆ ಕೇಳಲು ಪ್ರಶ್ನೆಯಿಲ್ಲ. ಆದರೂ ಅವರು ಬೆಳಿಗ್ಗೆ ಟೋಪಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂರುವರು. ಬಸ್ಸು ಬರುವುದು, ಜನ ಇಳಿಯುವರು, ಇಳಿದವರನ್ನು ಕರೆದೊಯ್ಯಲು ಯಾರಾದರೂ ಬಂದಿರುವರು. ಎಲ್ಲರೂ ಹೋದ ಮೇಲೆ ಮಾಮಾ ಮುಂದಿನ ಬಸ್ಸಿಗೆ ಕಾಯುವರು. ಪಕ್ಕದ ಮನೆಯಾಕೆ ಕಟ್ಟಿಕೊಟ್ಟ ರೊಟ್ಟಿಯನ್ನು ಅಲ್ಲಿಯೇ ಬಿಚ್ಚಿ, ತಿನ್ನುವ ಮೊದಲು ಒಮ್ಮೆ ಅತ್ತಿತ್ತ ನೋಡುವರು. ಅಡ್ಡ ಹೋದವರು ಯಾರಾದರೂ "ಊಟಾ ಆತೇನ್ರಿ" ಎಂದರೆ ಸಾಕು, ಆತನಿಗೆ ಬಸ್ಸು ತಪ್ಪುವಷ್ಟು ದೀರ್ಘವಾದ ಉತ್ತರ! ಖೋಲಿಗೆ ಬಂದು ಇರು ಎಂದು ಅವರೆಂದೂ ನನ್ನನ್ನು ಕರೆಯಲಿಲ್ಲ. ನಾನು ಹೊರಟಾಗ ಮಾತ್ರ, ಸಂವಿಧಾನದ ಯಾವುದಾದರೊಂದು ಕಲಮಿನ ಬಗ್ಗೆ ಸಂಶಯ ಕೇಳುವರು. ಅದರ ಉತ್ತರ ಅವರಿಗೆ ಮೊದಲೇ ಗೊತ್ತಿರುತ್ತಿತ್ತು.

ಸೋಮವಾರ ಮಾತ್ರ ಅವರು ಬಸ್ ಹತ್ತುವರು, ಹೊಳೆಯ ದಂಡೆಯ ಊರಿಗೆ. ಒಂದು ಸಲ ನಾನೂ ಜೊತೆಗೆ ಹೋದೆ. ಸಮಾಧಿಯ ಸುತ್ತ ಬೆಳೆದ ಕರಿಕೆ ಹುಲ್ಲನ್ನು ಕಿತ್ತು, ನೀರು ಚಿಮುಕಿಸಿ, ಮಾಮಾ ಚಕ್ಕಳಮಕ್ಕಳ ಹಾಕಿ ಕುಳಿತರು. ನಾನು ಮಂತ್ರವೋ ವಚನವೋ ಬರುವುದೆಂದು ಕೈಮುಗಿದು ನಿಂತೆ. ಬಂದದ್ದು ಬಾಗೇವಾಡಿಯ ವಾರದ ವರ್ತಮಾನ! ಜೋಳದ ಧಾರಣೆ, ಖೋಲಿಯ ಸೋರುವ ಮೂಲೆ, ಪಕ್ಕದ ಮನೆಯಾಕೆಯ ಮಗಳಿಗೆ ಬಂದ ಗಂಡು ಎಲ್ಲವೂ ಆಯಿತು. ಕೊನೆಗೆ ಸ್ವಲ್ಪ ದನಿ ತಗ್ಗಿಸಿದರು.

"ಏ, ಈ ವಾರಾನೂ ಕೇಳಿಲ್ಲ ನೋಡು."

ಹೊಳೆಯ ಆಚೆ ಅಣೆಕಟ್ಟಿನ ಕೆಲಸದ ಲಾರಿಗಳ ಸದ್ದು ಮಾತ್ರ ಕೇಳಿಸುತ್ತಿತ್ತು.

ಇಂಡಿಯ ಪ್ರಸಂಗ ನಡೆದದ್ದು ಅದಾದ ಮೇಲೆ. ಲೋಕಸಭೆ ಜೋರಾಗಿ ನಡೆದಿದ್ದ ದಿನಗಳು. ಸಂಸದರು ಇಂಡಿಯಲ್ಲಿ ಮದುವೆಯೊಂದಕ್ಕೆ ಬಂದಿದ್ದಾರೆಂದು ಬೆಳಗಿನ ಕಂಡಕ್ಟರ ಸುದ್ದಿ ತಂದ. ಮಾಮಾನ ಕಣ್ಣು ಹೊಳೆಯಿತು. ಅವರ ಶಾಲೆಯಲ್ಲಿ ಒಂದು ಕ್ರಮವಿತ್ತು. ಹುಡುಗನೊಬ್ಬ ತಪ್ಪಿಸಿಕೊಂಡು ಮನೆಯಲ್ಲೋ ಹೊಲದಲ್ಲೋ ಅಡಗಿದರೆ ನಾಲ್ವರು ದೊಡ್ಡ ಹುಡುಗರನ್ನು ಕಳಿಸುವುದು. ಅವರು ಅವನ ಕೈಗೆ ಇಬ್ಬರು ಕಾಲಿಗೆ ಇಬ್ಬರಾಗಿ ಹೊತ್ತು ತಂದು ತರಗತಿಯಲ್ಲಿ ಇಳಿಸುವುದು. ಸಂಸದರಿಗೂ ಅದೇ ಕ್ರಮವೆಂದು ಮಾಮಾ ತೀರ್ಮಾನಿಸಿದರು! ನಾಲ್ವರೂ ಸಿದ್ಧರಾದೆವು. ಮಾಮಾ, ಮೊಣಕಾಲು ಮಡಚಲಾರದ ಒಬ್ಬ ನಿವೃತ್ತ ಮಾಸ್ತರರು, ಭಾರ ಎತ್ತಬಾರದೆಂದು ಡಾಕ್ಟರು ತಾಕೀತು ಮಾಡಿದ್ದ ಇನ್ನೊಬ್ಬ ನಿವೃತ್ತ ಮಾಸ್ತರರು ಮತ್ತು ಪುಸ್ತಕಕ್ಕಿಂತ ಭಾರವಾದುದನ್ನು ಎಂದೂ ಎತ್ತದ ನಾನು. ಸಂಸದರೋ, ಜೀಪಿನ ಎರಡು ಆಸನ ಹಿಡಿಯುವ ಆಳು. ಪ್ರಜಾಪ್ರಭುತ್ವದ ಭಾರ ಎಷ್ಟೆಂಬುದು ನನಗೆ ಅಂದು ಬಸ್ಸಿನಲ್ಲಿ ಮೊದಲ ಬಾರಿಗೆ ಅಂದಾಜಾಯಿತು!

ಮದುವೆಯ ಹಂದರದಲ್ಲಿ ಸಂಸದರು ಗೋದಿ ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಮಾಮಾ ನೇರವಾಗಿ ಹೋಗಿ ಎದುರಿಗೆ ನಿಂತರು.

"ಸಾಲಿ ನಡದೈತಿ. ನೀವು ಇಲ್ಲಿ ಯಾಕ ಅದೀರಿ?"

"ಬೀಗರ ಮದುವಿ ಐತ್ರಿ, ಮಾಸ್ತರ."

"ರಜಾ ಚೀಟಿ ಕೊಟ್ಟು ಬಂದೀರೇನು?"

ಪಂಕ್ತಿಯೆಲ್ಲ ನಕ್ಕಿತು. ನಾನು ಇದೇ ಸಮಯವೆಂದು ಮುಂದೆ ಬಂದು, ಪ್ರತಿನಿಧಿಯ ಕರ್ತವ್ಯದ ಮೇಲೆ ಧಾರವಾಡದಲ್ಲಿ ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಬಡಿಸುವವನು ನಡುವೆ ಬಂದು ನನ್ನ ಕೈಗೂ ಒಂದು ಎಲೆ ಕೊಟ್ಟು ಹೋದ! ಸಂಸದರು ನಗಲಿಲ್ಲ. ಎದ್ದು ಕೈ ತೊಳೆದು, ಮಾಮಾನನ್ನು ಹಂದರದ ಒಂದು ಕಂಬದ ಬಳಿಗೆ ಕರೆದೊಯ್ದರು. ಅವರ ಮುಖದಲ್ಲಿ ನಾನು ನಿರೀಕ್ಷಿಸಿದ್ದ ಸೊಕ್ಕು ಇರಲಿಲ್ಲ.

"ನಾ ಕೇಳಿದ್ರ ಏನ್ ಉತ್ತರಾ ಬರತೈತಿ ನನಗ ಗೊತ್ತೈತ್ರಿ," ಎಂದರು. "ಅಂಥಾ ಯೋಜನಾ ಇಲ್ಲ ಅಂತಾರ. ಒಂದ ಸಾಲು. ಅದನ್ನ ತಂದು ನಿಮ್ಮ ಕೈಯಾಗ ಇಡಾಕ ಮನಸ ಬರವಲ್ದು."

"ಇಲ್ಲ ಅಂತನ ಅನ್ಲಿ," ಎಂದರು ಮಾಮಾ. "ನಾ ಹೋಗಿ ಆಕಿಗೆ ಹೇಳಬೇಕಲ್ರಿ. ಇನ್ನೂ ಕೇಳಿಲ್ಲ, ಇನ್ನೂ ಕೇಳಿಲ್ಲ ಅಂತ ಎಷ್ಟ ವಾರ ಹೇಳ್ಲಿ? ನೀರು ಬಂದ ಮ್ಯಾಲ ಎಲ್ಲಿ ಕುಂತು ಹೇಳ್ಲಿ?"

ಸಂಸದರು ಕಂಬದ ಮೇಲೆ ಕೈಯಿಟ್ಟರು. ಪ್ರಶ್ನೆ ಕೇಳುತ್ತೇನೆಂದು ಮಾತು ಕೊಟ್ಟರು. ಈ ಹಿಂದೆಯೂ ಕೊಟ್ಟಿದ್ದರು. ಆ ಮಾತನ್ನು ನಾನು ಇಂದಿಗೂ ನಂಬಿಲ್ಲ. ಪ್ರಶ್ನೆ ಕಿವಿಗೆ ಬೀಳುವವರೆಗೆ ನಂಬುವುದೂ ಇಲ್ಲ. ಆದರೆ ಈ ಸಲ ಅವರು ಇನ್ನೊಂದನ್ನು ಕೇಳಿದರು.

"ಬರೇ ಸಮಾಧಿ ಅಂದ್ರ ಅಲ್ಲಿ ಯಾರೂ ತಲಿ ಎತ್ತಂಗಿಲ್ಲ. ಹೆಸರು ಹಿಡದ ಕೇಳ್ತೀನಿ. ಅಕ್ಕಾರ ಹೆಸರೇನ್ರಿ?"

ಮಾಮಾ ಬಾಯಿ ತೆರೆದರು. ಊರಿನ ಸಮಸ್ತರ ಹೆಸರನ್ನು ಕೂಗಿದ ಆ ಬಾಯಿ ಒಂದು ಹೆಸರನ್ನು ಮಾತ್ರ ಹೇಳಲಾರದೆ ನಿಂತಿತು. ನಮ್ಮ ಕಡೆ ಗಂಡ ಹೆಂಡತಿಯ ಹೆಸರು ಹೇಳುವುದಿಲ್ಲ. ಮದುವೆಯ ದಿನ ಹೆಂಗಸರು ಬಾಗಿಲು ಕಟ್ಟಿ ಕಾಡಿದಾಗ ಒಂದು ಸಲ, ಅದೂ ಪ್ರಾಸದ ಎರಡು ಸಾಲಿನ ಒಡಪಿನಲ್ಲಿ ಅಡಗಿಸಿ, ಹೇಳಿದರೆ ಮುಗಿಯಿತು. ಇಂಡಿಯ ಈ ಮದುವೆಮನೆಯಲ್ಲೂ ಅದೇ ಹೊತ್ತಿಗೆ ಹೆಂಗಸರು ನಡುಮನೆಯ ಬಾಗಿಲಲ್ಲಿ ಹೊಸ ಮದುಮಗನನ್ನು ಹಾಗೆಯೇ ತಡೆದು ನಿಲ್ಲಿಸಿದ್ದರು. ಅವರ ಗುಂಪಿನಿಂದ ಹಿಂದೆ ಸರಿದು ಇತ್ತ ಕಿವಿಗೊಟ್ಟಿದ್ದ ಒಬ್ಬ ಮುದುಕಿ ಮಾಮಾನ ಹತ್ತಿರ ಬಂದಳು.

"ಒಡಪು ಹಾಕಿ ಹೇಳೋ, ಮಾಸ್ತರ," ಎಂದಳು. "ಮದುವಿ ಮನಿ ಐತಿ. ನಡೀತೈತಿ."

ಮಾಮಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ತರಗತಿಯ ದನಿಯಲ್ಲ, ಹಲಗೆಯ ಮುಂದಿನ ದನಿಯೂ ಅಲ್ಲ; ಬಾಗಿಲ ಆಚೆ ಯಾರೋ ತಲೆ ತಗ್ಗಿಸಿ ಕಾಯುತ್ತಿದ್ದಾರೆ ಎಂಬಂಥ ದನಿಯಲ್ಲಿ, ನೆಲ ನೋಡುತ್ತ ಹೇಳಿದರು:

"ಬಾಗೇವಾಡಿ ಬಜಾರದಾಗ ಬಾಳಿಹಣ್ಣಿನ ಗೊನಿ,
ನೀಲವ್ವ ಬಂದ ಮ್ಯಾಲ ತುಂಬೇತಿ ನಮ್ಮ ಮನಿ."