ಭಾವನ ಸ್ಕೀಗೆ ಎರಡು ನಿಂಬೆಹಣ್ಣು

ನಮ್ಮ ಭಾವನಂಥ ಪುಕ್ಕಲರು ಅಮೆರಿಕದ ಈ ಇಡೀ ಆಶ್‌ಬರ್ನ್ ಊರಿನಲ್ಲಿ ಇನ್ನೊಬ್ಬರಿಲ್ಲ! ಭಾವ ಎಂದರೆ ನನ್ನ ಅಕ್ಕನ ಗಂಡ. ಹೆಸರು ಬರೆದಿಲ್ಲ; ಓದಿ ಬೈದಾರೆಂದು ನನಗೂ ಹೆದರಿಕೆಯೇ.

ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಮಂದಿಗೆಲ್ಲ ಅರಿವಳಿಕೆ ಕೊಟ್ಟು ಮಲಗಿಸಿದ ಈ ಡಾಕ್ಟರು ಈಗ ತಾವು ಎಡಮಗ್ಗುಲಾಗಿ ಮಲಗಲು ಹೆದರುತ್ತಾರೆ. ಕೊರೋನಾ ಕಾಲದಲ್ಲಿ ಬೈಪಾಸ್ ಆಯಿತು ನೋಡಿ, ಅಲ್ಲಿಂದ ಶುರು. ಮಹಡಿಯ ಮೇಲಿನ ಸ್ವಂತ ಕೋಣೆಗೆ ಹೋಗಿ ಎರಡು ವರ್ಷವಾಯಿತು, ಮೆಟ್ಟಿಲು ಹದಿನಾಲ್ಕಿವೆಯಂತೆ! ಹೃದಯದ ಡಾಕ್ಟರು "ನೀವು ಓಡಲೂಬಹುದು" ಎಂದರೆ, "ಅಂವಾ ಇನ್ನೂ ಹುಡುಗ, ಅಂವಗೇನು ತಿಳೀತದ?" ಎಂದು ಸೋಫಾ ಹಿಡಿದು ಕೂತರು.

ಇವರೇ ಒಂದು ಕಾಲಕ್ಕೆ ನಮಗೆಲ್ಲ ಹಿಮದ ಮೇಲೆ ಜಾರುವ ಸ್ಕೀ ಆಟ ಕಲಿಸಿದ ಗುರುಗಳು! ನನ್ನನ್ನು ಹಿಮದ ಗುಡ್ಡದ ತುದಿಗೆ ಒಯ್ದು, "ಕೆಳಗ ನೋಡಬ್ಯಾಡ, ಮುಂದ ನೋಡು" ಎಂದು ಬೆನ್ನಿಗೆ ಕೈಹಚ್ಚಿ ದಬ್ಬಿದವರು. ನಾನು ಮುಂದೆಯೇ ನೋಡಿದೆ. ಮುಂದೆ ಪೈನ್ ಮರವಿತ್ತು.

ಹದಿನೈದು ವರ್ಷಗಳ ಮೇಲೆ ಮತ್ತೆ ಅದೇ ಗುಡ್ಡಕ್ಕೆ ಹೊರಡಿಸಿದವಳು ಅಕ್ಕ. "ಒಮ್ಮೆ ಇಳದು ತೋರಸ್ರಿ. ಆಗಲಿಲ್ಲಂದ್ರ ಕಡೀತನಕಾ ಸೋಫಾದ ಮ್ಯಾಲೇ ಕೂಡ್ರಿ, ನಾ ಏನೂ ಅನ್ನಂಗಿಲ್ಲ." ಅಕ್ಕ ಏನೂ ಅನ್ನುವುದಿಲ್ಲ ಎಂಬುದಕ್ಕಿಂತ ಭಯಂಕರ ಬೆದರಿಕೆ ಇದೆಯೇ?

ದಾರಿಯುದ್ದಕ್ಕೂ ಹೆದ್ದಾರಿಯಿಂದ ಇಳಿಯುವ ಪ್ರತಿ ಎಕ್ಸಿಟ್ ಬಂದಾಗಲೂ ಭಾವನದು ಒಂದೇ ಪ್ರಶ್ನೆ: "ಇಲ್ಲಿಂದ ದವಾಖಾನಿ ಎಷ್ಟು ದೂರ?" ಗುಡ್ಡ ಕಂಡೊಡನೆ ಮುಖ ಸಣ್ಣದಾಯಿತು. "ಇದು ಮೊದಲ ಇಷ್ಟು ಎತ್ತರ ಇದ್ದಿದ್ದಿಲ್ಲೋ. ಬೆಳಸ್ಯಾರ!"

ಕಾಲಿಗೆ ಕಟ್ಟಿಕೊಳ್ಳುವ ಭಾವನ ಸ್ಕೀ ಹಲಗೆಗಳು ಹಳೆಯವು. ಗ್ಯಾರೇಜಿನಲ್ಲೇ ಇದ್ದರೂ ಪ್ರತಿವರ್ಷ ಆಯುಧಪೂಜೆಯಲ್ಲಿ ಕಾರಿನ ಜೊತೆ ಅವಕ್ಕೂ ಮಂಗಳಾರತಿ. ಅಂದಮೇಲೆ ಈವತ್ತು ಬಿಟ್ಟಾರೆಯೇ? ಹಿಮದ ಮೇಲೆ ಸ್ಕೀ ಇಟ್ಟು, ಅಕ್ಕನ ಪರ್ಸಿನಿಂದ ಕುಂಕುಮ ತೆಗೆದು ಧಾರಾಳವಾಗಿ ಹಚ್ಚಿ, ಕಾರಿನ ಗಾಲಿಯಡಿ ಇಡುವಂತೆ ಒಂದೊಂದು ಸ್ಕೀ ಕೆಳಗೆ ಒಂದೊಂದು ನಿಂಬೆಹಣ್ಣಿಟ್ಟು ಹತ್ತಿ ತುಳಿದರು. ಒಂದು ಪಚಕ್ಕೆಂದಿತು. ಇನ್ನೊಂದು ಜಾರಿತು, ಜೊತೆಗೆ ಭಾವನೂ!

ಕುಂಕುಮವೆಲ್ಲ ಹಿಮದಲ್ಲಿ ಕರಗಿ ಕೆಂಪಗೆ ಹರಡಿತು. ಬಿದ್ದವರನ್ನು ಹೊತ್ತೊಯ್ಯುವ ಕೆಲಸದ ಹುಡುಗಿಯೊಬ್ಬಳು ಜಾರುಬಂಡಿ ಎಳೆದುಕೊಂಡು ಓಡೋಡಿ ಬಂದಳು. "ಸರ್, ಅಲ್ಲಾಡಬೇಡಿ! ರಕ್ತ ಎಲ್ಲಿಂದ ಬರ್ತಿದೆ?"

ಭಾವ ಕೆಂಪನ್ನು ನೋಡಿದರು. ಬಿಳಿಚಿಕೊಂಡರು. "ನೋಡೋ, ಎಲ್ಲಿ ಪೆಟ್ಟಾಗೇದ ನನಗ?"

"ಭಾವಾ, ಅದು ಕುಂಕುಮರೀ! ನೀವ ಹಚ್ಚಿದ್ದು!"

ಆ ಹುಡುಗಿಗೆ ಆಯುಧಪೂಜೆ ವಿವರಿಸುವಷ್ಟರಲ್ಲಿ ನನ್ನ ಇಂಗ್ಲಿಷ್ ಹೆಪ್ಪುಗಟ್ಟಿತು. ಅವಳು ನಿಂಬೆಹಣ್ಣನ್ನೂ ನಮ್ಮನ್ನೂ ನೋಡಿ, ಜಾರುಬಂಡಿಯನ್ನು ಅಲ್ಲೇ ಹತ್ತಿರದಲ್ಲಿ ನಿಲ್ಲಿಸಿ ಹೋದಳು.

ಕಲಿಯುವವರ ಸಣ್ಣ ಗುಡ್ಡವೇ ಸಾಕೆಂದು, ಅಕ್ಕನನ್ನು ಕೆಳಗೇ ಬಿಟ್ಟು ನಾವಿಬ್ಬರೂ ತೂಗುಕುರ್ಚಿಯಂಥ ಲಿಫ್ಟ್ ಹತ್ತಿದೆವು. ಭಾವ ಕಣ್ಣು ಮುಚ್ಚಿ ನನ್ನ ಕೈ ಹಿಡಿದರು. ಅಲ್ಲಿಯವರೆಗೆ ನಗುತ್ತಿದ್ದ ನಾನೂ ಜಾರುಬಂಡಿ ಇನ್ನೂ ಅಲ್ಲೇ ಇದೆಯೇ ಎಂದು ಹಿಂತಿರುಗಿ ನೋಡಿದೆ. ಏನಾದರೂ ಹೆಚ್ಚುಕಮ್ಮಿಯಾದರೆ?

ಮೇಲೆ ನಿಂತರು. ಅಂಗನವಾಡಿ ವಯಸ್ಸಿನ ಮಕ್ಕಳು ಸರಸರ ಇಳಿದುಹೋದವು.

"ಎದಿ ಬಡಕೊಳ್ಳಿಕತ್ತೇದೋ."

"ಲಿಫ್ಟಿನ್ಯಾಗ ಹೊಳ್ಳಿ ಹೋಗೋಣೇನ್ರೀ?"

ಕೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಹೂಂ ಎಂದುಬಿಟ್ಟರೆ ಮುಗಿಯಿತು, ಮತ್ತೆ ಸೋಫಾದಿಂದ ಏಳುವವರಲ್ಲ. ಭಾವ ಆಗಲೇ ಕೆಳಗೆ ನೋಡುತ್ತಿದ್ದರು.

ಕೆಳಗೆ ಅಕ್ಕ! ಹಿಮ ಎಂಬುದು ಫ್ರಿಜ್ಜಿನೊಳಗಷ್ಟೇ ಇರತಕ್ಕದ್ದು ಎಂದು ಅಷ್ಟು ವರ್ಷವೂ ಕಾಫಿ ಕುಡಿಯುತ್ತ ಒಳಗೇ ಕೂತವಳು, ಸೀರೆಯ ಮೇಲೆ ಕೋಟು ಹಾಕಿಕೊಂಡು ಗುಡ್ಡ ಹತ್ತುತ್ತಿದ್ದಳು. ಎರಡು ಹೆಜ್ಜೆ ಹತ್ತಿ ಒಂದು ಹೆಜ್ಜೆ ಜಾರುತ್ತ, ನಮ್ಮ ಕಡೆಗೇ.

"ಅಯ್ಯ, ಬೀಳತಾಳ ಇಕಿ!" ಎಂದರು ಭಾವ.

ನಾನು ತಿರುಗುವಷ್ಟರಲ್ಲಿ ಹೊರಟೇಬಿಟ್ಟಿದ್ದರು! ಮೊಣಕಾಲು ಬಗ್ಗಿಸಿ, ಬಸವನಹುಳುವಿನ ಹಾಗೆ, ಅತ್ತಿಂದಿತ್ತ, ಇತ್ತಿಂದತ್ತ. ಎಂಟು ಮಕ್ಕಳು ದಾಟಿಹೋದವು. ಬೀಳಲಿಲ್ಲ. ಬಿದ್ದೆದ್ದು ಹಿಂದೆ ಬಂದವನು ನಾನು.

ನಾನು ತಲುಪಿದಾಗ ಇಬ್ಬರೂ ಹಿಮದಲ್ಲಿ ಕೂತಿದ್ದರು. ಅಕ್ಕ ಕೈಗವಸು ತೆಗೆದು ಅವರ ಎದೆಯ ಮೇಲೆ ಅಂಗೈ ಇಟ್ಟಿದ್ದಳು.

"ಬಡಕೊಳ್ಳಿಕತ್ತೇದೇನ್ರೀ?"

"ಹೂಂ. ಜೋರ."

"ಬಡಕೋಬೇಕಲ್ಲ ಮತ್ತ!" ಎಂದ ಅಕ್ಕ, ಕೈ ಮಾತ್ರ ತೆಗೆಯಲಿಲ್ಲ.